ತಂಗಳೂ ವಿವೇಕವೂ

ಬೆಳಿಗ್ಗೆ 10 ಗಂಟೆಗೆ ಇಳಿಸಿದ ಅನ್ನ ಊಟದ ಬಳಿಕವೂ ಸಾಕಷ್ಟು ಉಳಿದಿತ್ತು. “ನಾಳೆ ಬಿಸಿಮಾಡಿ ಉಣ್ಣಬಹುದಲ್ಲವೇ ಅತ್ತೆ?” ಎಂದು ಸೊಸೆ ಕೇಳಿದಳು. ಚೆಲ್ಲಲು ಅವಳಿಗೆ ಮನಸ್ಸಿಲ್ಲ. ಅದು ಒಳ್ಳೆಯ ಮನಸ್ಸೇ.

ಆದರೆ ಕಳೆದ ಕಾಲವನ್ನು ಬೆಂಕಿಯು ಹಿಂದಿರುಗಿಸಲಾರದು. ಶ್ರಾವಕರ ರೂಢಿಯಲ್ಲಿ ಅನ್ನ, ಬೇಳೆಗಳಿಗೆ ಎರಡು ಪ್ರಹರ, ಅಂದರೆ 6 ಗಂಟೆಗಳ ಕಾಲಮರ್ಯಾದೆ. ಅದು ಮೀರಿದ ಆಹಾರದಲ್ಲಿ ಜೀವೋತ್ಪತ್ತಿಯಾಗುವುದೆಂದು ನಂಬಿದ ಮೇಲೆ, ಅದನ್ನು ಪುನಃ ಕಾಯಿಸುವುದು ಶುದ್ಧಿಯಲ್ಲ, ಮತ್ತೊಂದು ಹಿಂಸೆ. ಹಳಸಿದ ಅನ್ನದಲ್ಲಿ ಕೆಲವು ಸೂಕ್ಷ್ಮಾಣುಗಳು ಬಿಟ್ಟ ವಿಷವು ಕುದಿಸಿದರೂ ಅಳಿಯದೆಂದು ವಿಜ್ಞಾನವೂ ಹೇಳುತ್ತದೆ.

ಹಾಗೆಂದು ಚೆಲ್ಲಿದರೆ ದೋಷವಿಲ್ಲವೇ? ಮೋರಿಯಲ್ಲಿ ಕೊಳೆಯುವ ಅನ್ನದಲ್ಲಿ ಹುಟ್ಟಿ ಸಾಯುವ ಜೀವಗಳ ಹೊಣೆ ಯಾರದು? ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಡುತ್ತದೆ. ನಮ್ಮ ಪ್ರಮಾದವಾದರೋ ಒಲೆಯ ಬಳಿ ಆದದ್ದಲ್ಲ, ಅಕ್ಕಿ ಅಳೆದ ಪಾವಿನಲ್ಲಿ ಆದದ್ದು.

ಆಗ ಗಂಟೆ ಇನ್ನೂ ಒಂದು. ಬಸದಿಯ ಕೆಲಸ ಮುಗಿಸಿ ಮಗ ತಡವಾಗಿ ಬಂದ. ಅನ್ನಕ್ಕೆ ಶೋಧಿಸಿದ ನೀರನ್ನು ಚಿಮುಕಿಸಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಹತ್ತು ನಿಮಿಷ ಇಟ್ಟೆವು. ಸಾರನ್ನು ಚೆನ್ನಾಗಿ ಕುದಿಸಿದೆವು. ಮೈಕ್ರೋವೇವ್ ನಮ್ಮಲ್ಲಿಲ್ಲ, ಅದರ ಕೊರತೆಯೂ ತೋರಲಿಲ್ಲ. ಅನ್ನ ಹೂವಿನಂತೆ ಬಿಡಿಬಿಡಿಯಾಗಿತ್ತು.

ಮರುದಿನ ಸೊಸೆ ಅರ್ಧ ಪಾವು ಕಡಿಮೆ ಅಳೆದಳು.