ಗಂಧದೆಣ್ಣೆ, ಸೋಪು ಮತ್ತು ಶುಂಪೀಟರ್

ಹೊಸ ಸರಕೊಂದು ಪೇಟೆಗೆ ಬಂದರೆ ಅದರ ಹುಟ್ಟನ್ನು ನಾವು ಸಾಮಾನ್ಯವಾಗಿ ಎರಡು ಕಂತಿನಲ್ಲಿ ಹೇಳಿಕೊಳ್ಳುತ್ತೇವೆ. ಯಾರೋ ವಿಜ್ಞಾನಿ ಏನನ್ನೋ ಕಂಡುಹಿಡಿದ. ಆಮೇಲೆ ದುಡ್ಡಿದ್ದವನೊಬ್ಬ ಅದನ್ನು ತಯಾರಿಸಿ ಮಾರಿದ. ಬುದ್ಧಿಯೆಲ್ಲ ಮೊದಲ ಕಂತಿಗೆ, ಲಾಭವೆಲ್ಲ ಎರಡನೆಯದಕ್ಕೆ. ಆರ್ಥಿಕ ಬೆಳವಣಿಗೆಯ ಸಿದ್ಧಾಂತವನ್ನು ಕುರಿತು 1911ರಲ್ಲಿ ಗ್ರಂಥ ಬರೆದ ಆಸ್ಟ್ರಿಯಾದ ಜೋಸೆಫ್ ಶುಂಪೀಟರ್ ಈ ವಿಂಗಡಣೆಯನ್ನು ಒಪ್ಪಲಿಲ್ಲ. ಆವಿಷ್ಕಾರ ಬೇರೆ, ನಾವೀನ್ಯ ಬೇರೆ ಎಂಬುದು ಅವನ ವಾದ. ಲೋಕದಲ್ಲಿ ಆಗಲೇ ಇರುವ ವಸ್ತು, ವಿದ್ಯೆ, ದುಡಿಮೆಗಳನ್ನು ಹಿಂದೆ ಯಾರೂ ಕೂಡಿಸದ ರೀತಿಯಲ್ಲಿ ಕೂಡಿಸಿ ನಡೆಸಿ ತೋರಿಸುವುದು ನಾವೀನ್ಯ. ಅದು ಹೊಸ ಸರಕಾಗಿರಬಹುದು, ಹೊಸ ತಯಾರಿಕಾ ವಿಧಾನವಾಗಿರಬಹುದು, ಹೊಸ ಮಾರುಕಟ್ಟೆಯೋ ಕಚ್ಚಾವಸ್ತುವಿನ ಹೊಸ ಮೂಲವೋ ಉದ್ಯಮದ ಹೊಸ ವ್ಯವಸ್ಥೆಯೋ ಆಗಿರಬಹುದು. ಹೀಗೆ ಕೂಡಿಸುವ ಕೆಲಸಕ್ಕೇ ಅವನು ಉದ್ಯಮಶೀಲತೆ ಎಂದ. ಉದ್ಯಮಿ ಎನ್ನುವುದು ಒಂದು ವರ್ಗವಲ್ಲ, ಬಿರುದೂ ಅಲ್ಲ. ಕೂಡಿಸುವ ಕೆಲಸ ನಡೆಯುವಷ್ಟು ಕಾಲ ಮಾತ್ರ ಒಬ್ಬ ಉದ್ಯಮಿ. ಕಟ್ಟಿದ್ದನ್ನು ನಡೆಸಿಕೊಂಡು ಹೋಗಲು ಕೂತ ದಿನದಿಂದ ಅವನು ಬರೀ ವ್ಯವಸ್ಥಾಪಕ.

ಶುಂಪೀಟರನ ಪುಸ್ತಕ ಬಂದ ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದಲ್ಲಿ ನಡೆದದ್ದು ಈ ಮಾತಿಗೆ ಒಳ್ಳೆಯ ಪರೀಕ್ಷೆ. ಮೈಸೂರಿನ ಗಂಧದ ಕೊರಡು ಹರಾಜಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಮುಖ್ಯವಾಗಿ ಜರ್ಮನಿಯವರು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿತು, ಕೊರಡು ಇಲ್ಲೇ ಉಳಿಯಿತು. ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳುವುದು ಸುಲಭದ ದಾರಿ. ಸಂಸ್ಥಾನ ಹಿಡಿದ ದಾರಿ ಬೇರೆ. ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರ ನೆರವಿನಿಂದ 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದಿತು. ಆ ಎಣ್ಣೆಯನ್ನೇ ಸೇರಿಸಿ ಸೋಪು ಮಾಡುವ ಕೆಲಸ 1918ರಲ್ಲಿ ಬಂತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಸೋಸಲೆ ಗರಳಪುರಿ ಶಾಸ್ತ್ರಿ ಅದರ ಹೊಣೆ ಹೊತ್ತರು. ಇದರಲ್ಲಿ ಕಂಡುಹಿಡಿದದ್ದು ಏನು ಎಂದು ಕೇಳಿದರೆ ಬೆರಳಿಟ್ಟು ತೋರಿಸುವಂಥದ್ದು ಕಡಿಮೆ. ಕನೌಜಿನ ಅತ್ತರಿನವರಿಗೆ ಭಟ್ಟಿ ಇಳಿಸುವುದು ಹೊಸತಲ್ಲ, ಸೋಪಿನ ವಿದ್ಯೆಗೆ ಶತಮಾನಗಳ ವಯಸ್ಸು, ಗಂಧದ ಮರವಂತೂ ಕಾಡಿನಲ್ಲಿತ್ತು. ಆದರೂ ಗಂಧದ ಸೋಪು ಹೊಸ ಪದಾರ್ಥವೇ. ಮರ, ಪ್ರಯೋಗಾಲಯ, ಖಜಾನೆಯ ಹಣ, ಸ್ನಾನದ ಅಭ್ಯಾಸ ಇವೆಲ್ಲ ಒಂದೇ ನಿರ್ಧಾರದಡಿ ಸೇರಿದ್ದು ಅದೇ ಮೊದಲು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಮರವೆಲ್ಲ ಸರ್ಕಾರದ್ದು, ಹಣ ಸರ್ಕಾರದ್ದು. ಕೈಸುಟ್ಟುಕೊಳ್ಳುವ ಭಯವಿಲ್ಲದವರಲ್ಲಿ ಉದ್ಯಮಶೀಲತೆ ಎಲ್ಲಿಂದ ಬಂತು? ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಮಾಡಿದ ಒಂದು ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲೆಕ್ಕಕ್ಕೆ ಸಿಗುವ ಅಪಾಯ ಒಂದು. ಅದಕ್ಕೆ ವಿಮೆ ಮಾಡಿಸಬಹುದು. ಹಿಂದಿನ ಅನುಭವವೇ ಇಲ್ಲದ್ದರಿಂದ ಯಾವ ಲೆಕ್ಕಕ್ಕೂ ಸಿಗದ ಅನಿಶ್ಚಯ ಇನ್ನೊಂದು. ಏಕಸ್ವಾಮ್ಯ ಮೊದಲನೆಯದನ್ನು ತಗ್ಗಿಸೀತು, ಎರಡನೆಯದನ್ನಲ್ಲ. ಹೊರದೇಶದಲ್ಲಿ ಬೆಲೆ ಇರುವ ಎಣ್ಣೆಯನ್ನು ಮೈಗೆ ಉಜ್ಜಿ ತೊಳೆದುಬಿಡುವ ಸೋಪಿಗೆ ಸುರಿದರೆ ಜನ ಕೊಳ್ಳುತ್ತಾರೆಯೇ ಎಂಬುದಕ್ಕೆ ಯಾವ ಕಡತದಲ್ಲೂ ಉತ್ತರವಿರಲಿಲ್ಲ. ಸ್ವಂತ ಗಂಟು ಕಳೆದುಕೊಳ್ಳುವವನು ಬಂಡವಾಳಗಾರ, ಆ ಪಾತ್ರ ಬೇರೆ ಎಂದು ಶುಂಪೀಟರನೂ ಹೇಳುತ್ತಿದ್ದ. ಅದನ್ನು ಒಪ್ಪಿದರೆ ಸಂಸ್ಥಾನವೂ ಉದ್ಯಮಿಯಾಗಬಹುದು. ಖಾಸಗಿಯವರಷ್ಟೇ ಹೊಸತನ್ನು ತರಬಲ್ಲರು ಎಂದು ಇಂದು ನಂಬುವವರಿಗೆ ಇದು ರುಚಿಸಲಿಕ್ಕಿಲ್ಲ.

ಇದಕ್ಕಿಂತ ಚೂಪಾದದ್ದು ಎರಡನೆಯ ಆಕ್ಷೇಪ: ಗೆದ್ದವರನ್ನು ಉದ್ಯಮಶೀಲರು ಎನ್ನುತ್ತೀರಿ, ಆಮೇಲೆ ಉದ್ಯಮಶೀಲತೆಯಿಂದಲೇ ಗೆದ್ದರು ಎನ್ನುತ್ತೀರಿ, ಇದು ಸುತ್ತುವಾದವಲ್ಲವೇ? ಫಲಿತಾಂಶ ನೋಡಿ ಪಟ್ಟ ಕಟ್ಟಿದರೆ ಹೌದು. ನಿರ್ಧಾರವನ್ನು ಆ ಹೊತ್ತಿನಲ್ಲೇ ಇಟ್ಟು ನೋಡಿದರೆ ಅಲ್ಲ. ಸೋತ ಹೊಸ ಜೋಡಣೆಯೂ ಉದ್ಯಮಶೀಲತೆಯೇ. ಕೇಂದ್ರ ಸರ್ಕಾರದ ಉದ್ಯಮವಾದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ಹೊರಟಾಗ ಅದು ಉದ್ಯಮಿಯೇ ಆಗಿತ್ತು. ಕ್ವಾರ್ಟ್ಜ್ ಗಡಿಯಾರದ ವಿದ್ಯೆಯೂ ಟೈಟನ್‌ಗಿಂತ ಮೊದಲೇ ಅದರ ಕೈಯಲ್ಲಿತ್ತು. ಕೀ ಕೊಡುವ ಗಡಿಯಾರವೇ ಹೆಚ್ಚು ಮಾರಾಟವಾಗುತ್ತಿದ್ದಾಗ ಅದನ್ನೇ ನೆಚ್ಚಿಕೊಂಡದ್ದು ಮೂರ್ಖತನವೇನಲ್ಲ, ಒಳ್ಳೆಯ ವ್ಯವಸ್ಥಾಪಕ ಮಾಡುವುದೇ ಅದು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಕಟ್ಟಿದ ಟೈಟನ್ ಹೊಸೂರಿನ ಕಾರ್ಖಾನೆಯಲ್ಲಿ ಅದೇ ವಿದ್ಯೆಯನ್ನು ಹಿಡಿದು, ಗಡಿಯಾರ ಸಮಯ ನೋಡುವುದಕ್ಕೆ ಎಷ್ಟೋ ಒಡವೆಯಾಗಿ ತೊಡುವುದಕ್ಕೂ ಅಷ್ಟೇ ಎಂದು ಬಗೆದು, ಮಾರುವ ಅಂಗಡಿಯ ರೂಪವನ್ನೂ ಬದಲಿಸಿತು. ಎಚ್‌ಎಂಟಿಯ ಗಡಿಯಾರ ಕಂಪನಿಗಳನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರಲ್ಲಿ. ಜ್ಞಾನವೇ ನಾವೀನ್ಯವಾಗಿದ್ದರೆ ಎರಡೂ ಸಂಸ್ಥೆಗಳು ಒಂದೇ ಕಡೆ ತಲುಪಬೇಕಿತ್ತು. ದೊಡ್ಡ ಕಂಪನಿಗಳ ಪ್ರಯೋಗಾಲಯಗಳಲ್ಲಿ ನಾವೀನ್ಯವೇ ದಿನಚರಿಯ ಕೆಲಸವಾಗಿಬಿಡುತ್ತದೆ ಎಂದು ಶುಂಪೀಟರನೇ 1942ರ ಹೊತ್ತಿಗೆ ಬರೆದಿದ್ದ. ಈ ಒಂದು ವಿಷಯದಲ್ಲಿ ಮುದುಕ ಶುಂಪೀಟರನಿಗಿಂತ ತರುಣ ಶುಂಪೀಟರನ ಮಾತೇ ನನಗೆ ಸರಿಯೆನಿಸುತ್ತದೆ.

ಗಂಧದ ಸೋಪಿನಲ್ಲೂ ಕೂಡಿಸುವ ಕೆಲಸ ಒಂದು ಕಡೆ ನಿಂತುಬಿಟ್ಟಿತು. ಸರಕು ಹೊಸದು, ವಿಧಾನ ಹೊಸದು, ಮಾರುಕಟ್ಟೆ ಹೊಸದು; ಕಚ್ಚಾವಸ್ತುವಿನ ಮೂಲ ಮಾತ್ರ ಹಳೆಯ ಕಾಯಿದೆಯಲ್ಲೇ ಉಳಿಯಿತು. ತನ್ನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರ್ಕಾರದ್ದೇ ಆದಾಗ ರೈತನಿಗೆ ಅದು ಆಸ್ತಿಯಾಗಿ ಕಾಣಲಿಲ್ಲ, ತಂಟೆಯಾಗಿ ಕಂಡಿತು. ಅತ್ತ ಕಾಡಿನ ಮರಗಳು ಕಳ್ಳರ ಪಾಲಾದವು. ಬೆಳೆದವನಿಗೇ ಮರದ ಒಡೆತನ ಕೊಡುವ ತಿದ್ದುಪಡಿಯನ್ನು ಕರ್ನಾಟಕ ತಂದದ್ದು 2001ರಲ್ಲಿ, ಸೋಪು ಹುಟ್ಟಿ ಎಂಬತ್ತು ವರ್ಷ ದಾಟಿದ ಮೇಲೆ. ಗಂಧದ ಮರದಲ್ಲಿ ಎಣ್ಣೆ ಸಿಗುವಷ್ಟು ತಿರುಳು ಕಟ್ಟಲು ಹದಿನೈದು ವರ್ಷಕ್ಕೂ ಮಿಕ್ಕಿ ಕಾಯಬೇಕು. ಬೇಡಿಕೆ ಬಂತೆಂದು ಅವಸರದಲ್ಲಿ ಬೆಳೆಸಿಕೊಳ್ಳುವ ಪದಾರ್ಥ ಅದಲ್ಲ.