ಒಣಗಿದ ಮೇಲೆ ಉಳಿಯುವ ಹೊಳಪು

ಇರುವಿಕೆ ಮತ್ತು ತೋರಿಕೆ ಇವೆರಡರ ಸಂಬಂಧವೇನೆಂಬದು ತತ್ತ್ವಜಿಜ್ಞಾಸುಗಳನ್ನು ಬಹುಕಾಲದಿಂದ ಕಾಡಿದ ಪ್ರಶ್ನೆಯಾಗಿದೆ. ವಸ್ತುವು ಇದ್ದಂತೆ ತೋರುವದೋ, ತೋರಿದಂತೆ ಇರುವದೋ ಎಂಬ ವಿಚಾರವು ಪಂಡಿತರ ವಾದಮಂಟಪಕ್ಕೆ ಮಾತ್ರ ಸೇರಿದ್ದೆಂದು ಗೃಹಸ್ಥರು ತಿಳಿಯಬಾರದು. ಅದು ನಮ್ಮ ಮನೆಯ ಅಂಗಳದಲ್ಲಿಯೂ ಏಳುತ್ತದೆ. ನನಗಂತೂ ಅದು ಒಂದು ಬೊಗಸೆ ಕಲ್ಲುಗಳ ರೂಪದಿಂದ ಎದುರಾಯಿತು. ಎದುರಾಗಿ ನನ್ನ ಮುಖವನ್ನು ಬಾಗಿಸಿತು. ಆ ಸಂಗತಿಯನ್ನು ಮುಚ್ಚಿಡದೆ ಹೇಳಿ, ಅದರಿಂದ ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಮುಳವಾಡದ ಸೀಮೆಯು ಎರೆಭೂಮಿ. ಈ ಕರಿಮಣ್ಣಿನ ಕೆಳಗೆ ಇರುವದು ಕರಿಕಲ್ಲು. ಭೂಶಾಸ್ತ್ರಜ್ಞರು ಅದಕ್ಕೆ ಬಸಾಲ್ಟ್ ಎಂದು ಹೆಸರಿಟ್ಟು, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖನದ ಮೇಲೆ ಹರಿದ ಲಾವಾರಸವು ಆರಿ ಗಟ್ಟಿಯಾದುದೇ ಅದೆಂದು ಹೇಳುತ್ತಾರೆ. ರಸವು ಆರುವಾಗ ಅದರೊಳಗಿನ ಅನಿಲಗಳು ಗುಳ್ಳೆಗಳಾಗಿ ಸಿಕ್ಕಿಕೊಂಡು ಕಲ್ಲಿನಲ್ಲಿ ಪೊಳ್ಳುಗಳನ್ನು ಬಿಟ್ಟವು. ಮುಂದೆ ಸಿಲಿಕಾಂಶವನ್ನು ಕರಗಿಸಿಕೊಂಡ ನೀರು ಆ ಪೊಳ್ಳುಗಳೊಳಗೆ ಇಳಿದು, ಪದರಿನ ಮೇಲೆ ಪದರಾಗಿ ತನ್ನ ಅಂಶವನ್ನು ಅಲ್ಲಿ ಬಿಟ್ಟಿತು. ಬೆಣಚು, ಕ್ಯಾಲ್ಸೆಡೊನಿ, ಪಟ್ಟೆಪಟ್ಟೆಯಾದ ಅಕೀಕು ಹುಟ್ಟಿದ್ದು ಹೀಗೆ. ಸುತ್ತಲಿನ ಕರಿಕಲ್ಲು ಸವೆದು ಮಣ್ಣಾದರೂ ಇವು ಗಟ್ಟಿಯಾದುದರಿಂದ ಉಳಿದುಕೊಂಡು ಹೊಲದ ಬದುವಿನಲ್ಲಿಯೂ ಹಳ್ಳದ ಮರಳಿನಲ್ಲಿಯೂ ದೊರೆಯುತ್ತವೆ. ಆಲಮಟ್ಟಿಯ ಹಿನ್ನೀರನ್ನು ಎತ್ತಿ ಹರಿಸುವ ಮುಳವಾಡ ಏತ ನೀರಾವರಿಯ ಕಾಲುವೆಗಳನ್ನು ಅಗೆದಾಗ ಎಷ್ಟೋ ಕಲ್ಲು ಮೇಲಕ್ಕೆ ಬಂದಿತು. ನಾವು ಎಡವಿ ಬೈದು ಮುಂದೆ ಹೋಗುವ ಕಲ್ಲುಗಳ ವಂಶಾವಳಿಯು ಇಂತಹದು.

ದೂರದ ನಗರದಲ್ಲಿ ನೌಕರಿಯಲ್ಲಿರುವ ನನ್ನ ಅಕ್ಕನ ಮಗನು ಒಮ್ಮೆ ರಜೆಗೆ ಬಂದಾಗ ಒಂದು ಚಿಕ್ಕ ಯಂತ್ರವನ್ನು ತಂದನು. ರಬ್ಬರಿನ ಒಳಪದರಿರುವ ಒಂದು ಡಬ್ಬಿ. ಅದನ್ನು ಎರಡು ಉರುಳೆಗಳ ಮೇಲೆ ಮಲಗಿಸಿ ವಿದ್ಯುತ್ತಿನಿಂದ ಸಾವಕಾಶವಾಗಿ ತಿರುಗಿಸುವದು. ಡಬ್ಬಿಯ ಮೂರರಲ್ಲಿ ಎರಡು ಪಾಲಿನಷ್ಟು ಕಲ್ಲು, ಸಿಲಿಕಾನ್ ಕಾರ್ಬೈಡಿನ ಒರಟು ಪುಡಿ, ನೀರು ಇವಿಷ್ಟನ್ನು ಹಾಕಿ ಹಗಲಿರುಳು ಬಿಡಬೇಕು. ವಾರವೊಂದು ಕಳೆದ ಮೇಲೆ ತೊಳೆದು, ಅದಕ್ಕಿಂತ ನುಣುಪಾದ ಪುಡಿ. ಮತ್ತೊಂದು ವಾರಕ್ಕೆ ಇನ್ನೂ ನುಣುಪಾದುದು. ಕಟ್ಟಕಡೆಗೆ ಮೆರುಗು ಕೊಡುವ ಅಲ್ಯುಮಿನಿಯಂ ಆಕ್ಸೈಡಿನ ಪುಡಿ. ಹೀಗೆ ತಿಂಗಳಿಗೂ ಮಿಕ್ಕಿ ನಡೆಯುವ ಕಾರ್ಯವಿದು. ಉಳಿಯಿಲ್ಲ, ಸುತ್ತಿಗೆಯಿಲ್ಲ, ಕಲ್ಲು ಕಲ್ಲಿಗೆ ಉಜ್ಜಿ ಒಂದನ್ನೊಂದು ತಿದ್ದುತ್ತವೆ. ಡಬ್ಬಿಯಲ್ಲಿ ಕಲ್ಲು ಕಡಿಮೆಯಾದರೆ ಅವು ಜಾರುವ ಬದಲು ಬಿದ್ದು ಒಡೆಯುತ್ತವೆ. ಹೆಚ್ಚಾದರೆ ಅಲುಗುವದೇ ಇಲ್ಲ. ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೆಡ್ರಿಕ್ ಮೋಸ್ 1812 ರಲ್ಲಿ ರೂಪಿಸಿದ ಮಾಪನದಲ್ಲಿ ಅಕೀಕಿನ ಗಟ್ಟಿತನವು ಸುಮಾರು 7. ಸುಣ್ಣದ ಅಂಶದ ಕ್ಯಾಲ್ಸೈಟಿನದು 3. ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದರೆ ಗಟ್ಟಿಯಾದುದು ಹೊಳೆಯುವ ಮುನ್ನವೇ ಮೆತ್ತನೆಯದು ಸವೆದು ಹೋಗುವದು.

ನಮ್ಮ ಪಾಠಶಾಲೆಯ ಮಕ್ಕಳಿಗೆ ಇದರಲ್ಲಿ ಬಹಳ ಆಸಕ್ತಿ ಹುಟ್ಟಿತು. ಹೊಲದವರ ಅಪ್ಪಣೆ ಪಡೆದು ಅವರು ಆಯ್ದು ತಂದ ಕಲ್ಲುಗಳನ್ನು ಯಂತ್ರಕ್ಕೆ ಹಾಕಿದೆವು. ಅಕ್ಕನ ಮಗನು ಯಂತ್ರವನ್ನು ನಮಗೇ ಬಿಟ್ಟು ಊರಿಗೆ ತೆರಳಿದನು. ಇಷ್ಟರಲ್ಲಿ ಶಾಲೆಯ ವಸ್ತುಪ್ರದರ್ಶನದ ದಿನವು ಸಮೀಪಿಸಿತು. ಎರಡು ವಾರಗಳು ಮಾತ್ರ ಮುಗಿದಿದ್ದವು. ಡಬ್ಬಿಯನ್ನು ತೆರೆದು ಕಲ್ಲುಗಳನ್ನು ತೊಳೆದಾಗ ಅವು ಕೆಂಪು, ಜೇನುಬಣ್ಣ, ಹಾಲುಬಿಳುಪುಗಳಿಂದ ಥಳಥಳಿಸಿದವು. ಗಾಳಿಗೆ ಆರಿದೊಡನೆ ಬೂದಿ ಬಳಿದಂತೆ ಮಂಕಾದವು. ಆಗ ನಾನು ಮಾಡಿದ್ದನ್ನು ಹೇಳುವದಕ್ಕೆ ನಾಚಿಕೆಯಾಗುತ್ತದೆ. ಕಲ್ಲುಗಳನ್ನು ಬಿಳಿಯ ಪರಾತದಲ್ಲಿಟ್ಟು, ಮೇಲೆ ಕಾಣದಷ್ಟು ನೀರು ಹನಿಸಿ, ಮೊಬೈಲಿನಿಂದ ಛಾಯಾಚಿತ್ರಗಳನ್ನು ತೆಗೆಯಿಸಿದೆನು. ಪ್ರದರ್ಶನದಲ್ಲಿಯೂ ಅದೇ ಪರಾತ. ನೋಡಿದವರೆಲ್ಲರೂ ಎಂಥ ಮೆರುಗು ಬಂದಿದೆಯೆಂದು ಕೊಂಡಾಡಿದರು. ನಾನು ಕೈಮುಗಿದು ಮುಗುಳ್ನಕ್ಕೆನು. ಮೆರುಗು ಬಂದಿದೆಯೆಂದು ನಾನು ಬಾಯಿಂದ ಆಡಲಿಲ್ಲ, ಬಂದಿಲ್ಲವೆಂದೂ ಆಡಲಿಲ್ಲ.

ಸಂಜೆ ಪರಾತವನ್ನು ಎತ್ತಿಡುವಾಗ ಐದನೆಯ ತರಗತಿಯ ಹುಡುಗನೊಬ್ಬನು ಕೇಳಿದನು: “ಗುರುಗಳ, ನೀರು ಆರಿದ ಮ್ಯಾಲೆ ಇವು ಹ್ಯಾಂಗ ಕಾಣ್ತಾವ್ರಿ?” ಅವನಿಗೆ ಉತ್ತರವು ಗೊತ್ತಿತ್ತು, ಕಲ್ಲು ತೊಳೆದವನೇ ಅವನು. ನನ್ನ ಬಾಯಿಂದ ಏನು ಬರುವದೆಂದು ನೋಡುತ್ತಿದ್ದನು. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದ ನನಗೆ ಆ ಕ್ಷಣದಲ್ಲಿ ಮಾತು ಹೊರಡಲಿಲ್ಲ.

ಆ ರಾತ್ರಿ ಅಕ್ಕನ ಮಗನಿಗೆ ದೂರವಾಣಿಯಲ್ಲಿ ಎಲ್ಲವನ್ನೂ ಹೇಳಿದೆನು. ಅವನು ನಕ್ಕು, “ಮಾಮಾ, ಇದರಾಗ ಸುಳ್ಳು ಏನೈತ್ರಿ? ಬಣ್ಣ ನೀರಿಂದಲ್ಲ, ಕಲ್ಲಿಂದು. ಒಣ ಕಲ್ಲೇ ತನ್ನ ಬಣ್ಣ ಮುಚ್ಚಿಕೊಂಡಿರ್ತದ” ಎಂದನು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಒರಟಾದ ಮೈಯ ಮೇಲೆ ಬಿದ್ದ ಬೆಳಕು ಅಲ್ಲಿಯೇ ದಿಕ್ಕುದಿಕ್ಕಿಗೆ ಚೆದುರಿ ಬಿಳುಪಾಗಿ ಕಣ್ಣಿಗೆ ಬರುತ್ತದೆ; ಆದುದರಿಂದ ಕಲ್ಲು ಮಂಕಾಗಿ ತೋರುತ್ತದೆ. ನೀರು ಆ ಸೂಕ್ಷ್ಮ ಕುಳಿಗಳನ್ನು ತುಂಬಿ ಮೈಯನ್ನು ಸಮಮಾಡಿದಾಗ ಬೆಳಕು ಒಳಹೊಕ್ಕು ಒಳಗಿನ ಬಣ್ಣವನ್ನು ಹೊತ್ತು ಹೊರಬರುತ್ತದೆ. ಹಾಗಾದರೆ ನೀರು ತೋರಿಸಿದ್ದು ಕಲ್ಲಿನಲ್ಲಿ ಇದ್ದುದನ್ನೇ. ಇದರಲ್ಲಿ ಮಿಥ್ಯವೆಲ್ಲಿ?

ಬಹುದಿನ ವಿಚಾರಿಸಿದ ಮೇಲೆ ನನಗೆ ತೋರಿದ ಸಮಾಧಾನವಿದು. ಬಣ್ಣವು ಕಲ್ಲಿನದು, ನಿಜ. ಆದರೆ ಹೊಳಪು ಬಣ್ಣವಲ್ಲ. ಅದು ಮೈಯ ಸಂಸ್ಕಾರ. ಆ ಸಂಸ್ಕಾರವು ಇನ್ನೂ ಆಗಿರಲಿಲ್ಲ. ಕಲ್ಲು ಮುಂದೆ ಏನಾಗಬಲ್ಲದೆಂಬದನ್ನು ನೀರು ತೋರಿಸಿತು, ಏನಾಗಿದೆಯೆಂಬದನ್ನಲ್ಲ. ಆಗಬಹುದಾದುದನ್ನು ಆದುದೆಂದು ನೋಡುವವರು ನಂಬಲಿ ಎಂದು ನಾನು ಸುಮ್ಮನಿದ್ದೆನಲ್ಲ, ಅಸತ್ಯವಿದ್ದದ್ದು ಆ ಮೌನದಲ್ಲಿ. ನೀರಿನಲ್ಲಿ ದೋಷವಿಲ್ಲ, ಛಾಯಾಚಿತ್ರದಲ್ಲಿಯೂ ದೋಷವಿಲ್ಲ. “ಇದು ಒದ್ದೆಯಾದ ಕಲ್ಲು” ಎಂಬ ಮೂರು ಮಾತುಗಳನ್ನು ಕೆಳಗೆ ಬರೆದಿದ್ದರೆ ಅದೇ ಚಿತ್ರವು ಸತ್ಯವಾಗುತ್ತಿತ್ತು.

ಈ ಹವ್ಯಾಸದವರಲ್ಲಿ ಒಂದು ಸರಳ ಪರೀಕ್ಷೆಯಿದೆ. ಕಲ್ಲನ್ನು ಚೆನ್ನಾಗಿ ತೊಳೆದು ಒರಸಿ ಪೂರ್ಣ ಒಣಗಿಸಿ ನೋಡುವದು. ಒದ್ದೆಯಿದ್ದಾಗ ತೋರಿದಂತೆಯೇ ಒಣಗಿದಾಗಲೂ ತೋರಿದರೆ ಮೆರುಗು ಪೂರ್ಣವಾಯಿತು. ಇಲ್ಲವಾದರೆ ಮರಳಿ ಡಬ್ಬಿಗೆ. ಅಂತರಂಗ ಬಹಿರಂಗಗಳು ಒಂದಾಗಬೇಕೆಂದು ಶರಣರು ಕಲಿಸಿದ ಪಾಠಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತವು ನನಗೆ ದೊರೆತಿಲ್ಲ.

ಭಕ್ತಬಂಧುಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ. ಶ್ರಾವಣಮಾಸದಲ್ಲಿ ಮಠದ ಅಂಗಳದಲ್ಲಿ ಪ್ರವಚನ ಕೇಳುತ್ತ ಕುಳಿತಾಗ ನಮ್ಮ ಮನಸ್ಸು ಎಷ್ಟು ಥಳಥಳಿಸುತ್ತದೆ! ಕಣ್ಣು ತುಂಬುತ್ತವೆ, ಕೈ ತಾವಾಗಿ ಮುಗಿಯುತ್ತವೆ. ಅದು ಸುಳ್ಳಲ್ಲ, ಒಳಗಿನ ಬಣ್ಣವೇ ಅದು. ಆದರೆ ಮನೆಗೆ ಬಂದು, ಉಣ್ಣಲಿಕ್ಕೆ ತಡವಾಯಿತೆಂದು ಹೆಂಡತಿಯ ಮೇಲೆ ರೇಗುವಾಗ, ಕೂಲಿಯವನ ಪಗಾರದಲ್ಲಿ ನಾಲ್ಕು ಕಾಸು ಹಿಡಿಯುವಾಗ ಅದೇ ಮನಸ್ಸು ಹೇಗೆ ತೋರುತ್ತದೆ? ಪ್ರವಚನವು ನೀರು, ಮೆರುಗನ್ನು ಕೊಡುವದು ಡಬ್ಬಿ. ಆ ಡಬ್ಬಿಯು ಸಂಸಾರವೇ. ಅತ್ತೆ-ಸೊಸೆ, ಅಣ್ಣ-ತಮ್ಮ, ಒಕ್ಕಲಿಗ-ಆಳು ಒಬ್ಬರಿಗೊಬ್ಬರು ತಾಗಿ ಉಜ್ಜಿ ಸವೆಯುವದರಿಂದಲೇ ನಯವು ಬರುತ್ತದೆ. ಆದರೆ ಸವೆತವೆಲ್ಲವೂ ಸಂಸ್ಕಾರವೆಂದು ಭ್ರಮಿಸಬಾರದು. ಗಟ್ಟಿಯಾದವರ ನಡುವೆ ಮೆತ್ತನೆಯ ಜೀವವನ್ನು ಹಾಕಿ, ಅದು ಪುಡಿಯಾಗುವಾಗ ತಿದ್ದುತ್ತಿದ್ದೇವೆಂದು ಹೇಳುವ ಮನೆಗಳೂ ಉಂಟು. ಯಾವುದನ್ನು ಯಾವುದರೊಡನೆ ಹಾಕಬೇಕೆಂಬ ವಿವೇಕವು ಯಜಮಾನನದು.

ಛಾಯಾಚಿತ್ರವು ಹೇಳದೆ ಬಿಡುವ ಇನ್ನೊಂದು ಮಾತಿದೆ. ಪೇಟೆಯಲ್ಲಿ ಹೊಳೆಯುವ ಅಕೀಕಿನ ಮಣಿಗಳು ದೊರೆಯುತ್ತವೆ. ಗುಜರಾತದ ಖಂಭಾತವು ಈ ಕಸುಬಿಗೆ ಪುರಾತನಕಾಲದಿಂದ ಹೆಸರಾದ ಊರು. ಹಿಂದೆ ಅಲ್ಲಿ ಮಣಿಗಳನ್ನು ಉಜ್ಜುವ ಪುಡಿ ಹಾಗೂ ನೀರಿನೊಡನೆ ತೊಗಲಿನ ಚೀಲದಲ್ಲಿ ಕಟ್ಟಿ, ಎದುರುಬದುರು ಕುಳಿತ ಇಬ್ಬರು ದಿನಗಟ್ಟಲೆ ಅತ್ತಿಂದಿತ್ತ ಉರುಳಿಸುತ್ತಿದ್ದರು. ನಮ್ಮ ಡಬ್ಬಿಯ ಪೂರ್ವಜನೇ ಆ ಚೀಲ. ಆದರೆ ಆಕಾರ ಕೊಡಲು ತಿರುಗುವ ಚಕ್ರಕ್ಕೆ ಒಣಕಲ್ಲನ್ನು ಹಿಡಿದಾಗ ಏಳುವ ಧೂಳು ಉಸಿರಿನೊಡನೆ ಒಳಸೇರಿ ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವು ವಾಸಿಯಾಗುವಂತಹದಲ್ಲ. ಖಂಭಾತದ ಕೆಲಸಗಾರರಲ್ಲಿ ಅದು ಇರುವದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪರೀಕ್ಷಿಸಿ ದಾಖಲಿಸಿದೆ. ಕಾಯಕವನ್ನು ಪೂಜೆಯೆಂದು ನಂಬಿದ ನಾವು, ಕೊಳ್ಳುವ ಹೊಳಪಿನ ಹಿಂದೆ ಯಾರ ಉಸಿರು ಸವೆದಿದೆಯೆಂದು ಕೇಳದಿದ್ದರೆ, ಅದೂ ಒದ್ದೆಯ ಕಲ್ಲನ್ನು ತೋರಿಸಿ ಸುಮ್ಮನಿದ್ದ ನನ್ನ ಮೌನದಂತಹದೇ.

ಹಾಗಾದರೆ ಕಲ್ಲುಗಳಿಗಾಗಿ ತಿಂಗಳುಗಟ್ಟಲೆ ಕಾಯುವ ಈ ಹವ್ಯಾಸವು ಬರಿಯ ಮೋಹವೇ? ಸಂಗ್ರಹಿಸಿ ಎಣಿಸುತ್ತ ಕುಳಿತರೆ ಮೋಹವೇ ಸರಿ. ಕಾಯುವದನ್ನು ಕಲಿಸಿದರೆ ಅಲ್ಲ. ಮೆರುಗಿನ ಹಂತದಲ್ಲಿ ಒರಟು ಪುಡಿಯ ಒಂದು ಕಣವು ಉಳಿದಿದ್ದರೂ ಡಬ್ಬಿಯ ಕಲ್ಲೆಲ್ಲವೂ ಗೀರುಬೀಳುತ್ತದೆಂದು ತಿಳಿದ ಹುಡುಗನು ತೊಳೆಯುವದರಲ್ಲಿ ಎಷ್ಟು ನಿಷ್ಠೆ ತೋರುತ್ತಾನೆಂಬದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರದರ್ಶನವು ಮುಗಿದ ಮರುದಿನವೇ ಆ ಕಲ್ಲುಗಳನ್ನು ತಿರುಗಿ ಡಬ್ಬಿಗೆ ಹಾಕಿದೆವು. ಮೂರು ವಾರಗಳ ತರುವಾಯ ಪ್ರಾರ್ಥನೆಯ ವೇಳೆಗೆ ಮಕ್ಕಳೆಲ್ಲರ ಮುಂದೆ ಮೂರು ತಾಟುಗಳನ್ನಿಟ್ಟೆನು: ಒಂದರಲ್ಲಿ ಹೊಲದಿಂದ ತಂದಂತಹ ಕಲ್ಲು, ಇನ್ನೊಂದರಲ್ಲಿ ಅಂತಹದೇ ಕಲ್ಲು ನೀರಿನಲ್ಲಿ, ಮೂರನೆಯದರಲ್ಲಿ ಮೆರುಗು ಮುಗಿದು ಒಣಗಿದ ಕಲ್ಲು. ಪ್ರದರ್ಶನದ ದಿನ ನಾನು ಮಾಡಿದ್ದನ್ನೂ ಹೇಳಿದೆನು. ಮೆರುಗಾದ ಕಲ್ಲುಗಳಲ್ಲಿ ಕೆಲವು ಮಾತ್ರ ಪೂರ್ಣ ಹೊಳೆಯುತ್ತಿದ್ದವು, ಕೆಲವು ಬಿರುಕುಬಿಟ್ಟಿದ್ದವು, ಎಲ್ಲವೂ ಗಾತ್ರದಲ್ಲಿ ಕುಗ್ಗಿದ್ದವು. ಈ ಸಲ ಯಾರೂ ಕೊಂಡಾಡಲಿಲ್ಲ. ಪ್ರಶ್ನೆ ಕೇಳಿದ ಆ ಹುಡುಗನು ಮುಂದೆ ಬಂದು ಒಂದು ಕಲ್ಲನ್ನು ಎತ್ತಿಕೊಂಡು, ಅಂಗಿಯ ಚುಂಗಿನಿಂದ ಮತ್ತೊಮ್ಮೆ ಒರಸಿ ನೋಡಿ, ತಿರುಗಿ ತಾಟಿನಲ್ಲಿಟ್ಟು ತನ್ನ ಸಾಲಿಗೆ ಹೋಗಿ ನಿಂತನು.