ಜೀರ್ಣವಸ್ತುವಿನ ದಾನ

ದಾನವಾಗಿ ಬಂದ ಹಸುವಿನ ಹಲ್ಲನ್ನು ಎಣಿಸಬಾರದೆಂದು ಕನ್ನಡದಲ್ಲಿ ಗಾದೆಯುಂಟು; ತಮಿಳಿನಲ್ಲಿಯೂ ಇದೇ ಭಾವದ ಮಾತು ಬಳಕೆಯಲ್ಲಿದೆ. ಎರಡು ಭಾಷೆಗಳ ಹಿರಿಯರೂ ಪಡೆಯುವವನ ಬಾಯಿಯನ್ನು ಕಟ್ಟಿದ್ದಾರೆ. ವಿನಯದ ದೃಷ್ಟಿಯಿಂದ ಇದು ಯುಕ್ತವೇ. ಆದರೆ ಪಡೆಯುವವನು ಎಣಿಸಕೂಡದೆಂದ ಮೇಲೆ ಆ ಹಲ್ಲುಗಳನ್ನು ಎಣಿಸತಕ್ಕವರು ಯಾರು? ಕೊಡುವವನೇ ಎಣಿಸಿ ನೋಡಿ ಕೊಡತಕ್ಕದ್ದೆಂಬುದು ಗಾದೆಯು ಬಾಯಿಬಿಟ್ಟು ಹೇಳದ ಅರ್ಧಭಾಗವಾಗಿದೆ.

ಕಠೋಪನಿಷತ್ತು ತೊಡಗುವುದೇ ಈ ಸಂಗತಿಯಿಂದ. ವಾಜಶ್ರವಸನು ಸರ್ವಸ್ವವನ್ನೂ ದಾನವೀಯಬೇಕಾದ ಯಾಗವನ್ನು ಕೈಗೊಂಡು ಹಸುಗಳನ್ನು ಕೊಡುತ್ತಿದ್ದನು. ಅವಾದರೋ ಹಾಲು ಬತ್ತಿ, ಮೇವನ್ನೂ ಮುಟ್ಟಲಾರದೆ ನಿಂತ ಮುದಿಹಸುಗಳು. ತಲೆಯೆಣಿಕೆಯಲ್ಲಿ ಏನೂ ತಪ್ಪಿರಲಿಲ್ಲ. ಕಡತದಲ್ಲಿ ಬರೆದಿಟ್ಟಿದ್ದರೆ ಯಾವ ಅಧಿಕಾರಿಯೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಬಾಲಕನಾದ ನಚಿಕೇತನ ದೃಷ್ಟಿಯು ಪಡೆದವರ ಹಟ್ಟಿಯತ್ತ ಹೊರಳಿತು. ಕೊಟ್ಟವನ ಮನೆಯಲ್ಲಿ ಇಳಿದ ಹೊರೆ ಪಡೆದವನ ಮನೆಯಲ್ಲಿ ಏರಿತು. ಇದು ದಾನವೋ, ಬರಿಯ ಸಾಗಾಟವೋ? ತನ್ನನ್ನು ಯಾರಿಗೆ ಕೊಡುವೆಯೆಂದು ಅವನು ಮತ್ತೆ ಮತ್ತೆ ಕೇಳಿದುದೂ, ತಂದೆ ಸಿಟ್ಟಿನಿಂದ ಯಮನಿಗೆಂದುದೂ ಎಲ್ಲರಿಗೂ ತಿಳಿದ ಕಥೆ. (ನಿಂತುಹೋದ ಗಡಿಯಾರದ ಮೇಲೆ ಹೆಸರು ಬರೆಯಿಸಿ ದೇವಸ್ಥಾನಕ್ಕೆ ಒಪ್ಪಿಸುವ ಭಕ್ತರು ಇಂದಿಗೂ ಇಲ್ಲದಿಲ್ಲ.)

ಅಮೆರಿಕಾ ದೇಶದಲ್ಲಿ ಆ ಹಸುಗಳ ಸ್ಥಾನಕ್ಕೆ ಹಳೆಯ ಮೋಟಾರು ಕಾರುಗಳು ಬಂದಿವೆ. ಅಲ್ಲಿನ ಗೃಹಸ್ಥನು ಹಳೆಯ ಕಾರನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಬೆಲೆಯನ್ನು ತನ್ನ ಆದಾಯದಿಂದ ಕಳೆದು ತೆರಿಗೆ ಕೊಡಬಹುದು. ಭಾರತದ ತೆರಿಗೆಯ ಕಾನೂನಿನಲ್ಲಿ ವಸ್ತುರೂಪದ ದಾನಕ್ಕೆ ಇಂಥ ರಿಯಾಯಿತಿಯಿಲ್ಲ. ಸಂಸ್ಥೆಗಳು ಸಾಮಾನ್ಯವಾಗಿ ಆ ಕಾರುಗಳನ್ನು ಹರಾಜು ಹಾಕಿ ಹಣ ಮಾಡಿಕೊಳ್ಳುತ್ತವೆ. ಅಲ್ಲಿನ ಸರಕಾರಿ ಲೆಕ್ಕಪರಿಶೋಧನ ಕಚೇರಿಯು 2003ರಲ್ಲಿ ಇಂಥ ದಾನಗಳನ್ನು ಪರಿಶೀಲಿಸಿತು. 1983ರ ಒಂದು ಟ್ರಕ್ಕಿಗೆ ದಾನಿಯು ಬರೆದುಕೊಂಡ ಬೆಲೆ 2,400 ಡಾಲರು. ಹರಾಜಿನಲ್ಲಿ ಹುಟ್ಟಿದ್ದು 375 ಡಾಲರು. ಮಧ್ಯವರ್ತಿಗಳ ಪಾಲೂ ಖರ್ಚೂ ಕಳೆದು ಧರ್ಮಸಂಸ್ಥೆಯ ಕೈಗೆ ಬಂದುದು 31 ಡಾಲರು 50 ಸೆಂಟು. ಲೆಕ್ಕವನ್ನು ಬಲ್ಲವರಿಗೆ ಈ ಮೂರು ಅಂಕಿಗಳು ಒಂದು ಪುರಾಣವನ್ನೇ ಹೇಳುತ್ತವೆ. 2004ರಲ್ಲಿ ಕಾನೂನು ತಿದ್ದುಪಡಿಯಾಗಿ, 500 ಡಾಲರಿಗೆ ಮೇಲ್ಪಟ್ಟ ರಿಯಾಯಿತಿ ಬೇಕಾದರೆ ಸಾಮಾನ್ಯವಾಗಿ ಸಂಸ್ಥೆಗೆ ಮಾರಾಟದಿಂದ ಬಂದ ಮೊತ್ತವನ್ನಷ್ಟೇ ಬರೆಯತಕ್ಕದ್ದೆಂದಾಯಿತು. ಸಂಸ್ಥೆಯು ತಾನೇ ಬಳಸಿದರೆ, ಚೆನ್ನಾಗಿ ಜೀರ್ಣೋದ್ಧಾರ ಮಾಡಿದರೆ, ಇಲ್ಲವೆ ಬಡವರಿಗೆ ಉಚಿತವಾಗಿಯೋ ಅಲ್ಪ ಬೆಲೆಗೋ ಕೊಟ್ಟರೆ ಮಾತ್ರ ಪೇಟೆಯ ಧಾರಣೆ ಸಲ್ಲುತ್ತದೆ. ಪಡೆದವನ ಕಡೆಯಿಂದ ಅಳೆಯಬೇಕೆಂಬ ನಚಿಕೇತನ ನ್ಯಾಯಕ್ಕೆ ಆ ದೇಶದ ಕಾನೂನೂ ಒಂದು ಹೆಜ್ಜೆ ಸಮೀಪಿಸಿತೆನ್ನಬಹುದು.

ಈಗ ದಾನಕ್ಕೆ ಬರುತ್ತಿರುವವುಗಳಲ್ಲಿ ಹೈಬ್ರಿಡ್ ಕಾರುಗಳೂ ಸೇರಿವೆ. ಇವಕ್ಕೆ ಪೆಟ್ರೋಲಿನ ಎಂಜಿನ್ನೂ ವಿದ್ಯುತ್ತಿನ ಮೋಟಾರೂ ಎರಡೂ ಉಂಟು. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದಂಶವು ದೊಡ್ಡ ಬ್ಯಾಟರಿಗೆ ಹಿಂದಿರುಗುತ್ತದೆ. ಟೊಯೋಟಾ ಕಂಪನಿಯ ಪ್ರಿಯಸ್ ಎಂಬುದು 1997ರಲ್ಲಿ ಜಪಾನಿನಲ್ಲಿಯೂ 2000ದಲ್ಲಿ ಅಮೆರಿಕಾದಲ್ಲಿಯೂ ಮಾರಾಟಕ್ಕೆ ಬಂದಿತು. ಇಂಥ ಕಾರಿನ ಮುಪ್ಪು ಹೊರಗೆ ಕಾಣದು. ಬಣ್ಣ ಹೊಳೆಯುತ್ತಿರುತ್ತದೆ, ಆಸನಗಳು ಗಟ್ಟಿಯಾಗಿರುತ್ತವೆ. ಒಳಗಿನ ಬ್ಯಾಟರಿ ಮಾತ್ರ ವರ್ಷ ಕಳೆದಂತೆ ಕುಗ್ಗುತ್ತದೆ. ಅದನ್ನು ಬದಲಾಯಿಸುವ ವೆಚ್ಚವು ಕೆಲವೊಮ್ಮೆ ಹಳೆಯ ಕಾರಿನ ಬೆಲೆಯನ್ನೇ ಮೀರುವುದುಂಟು. ಹಸುವಿನ ಹಲ್ಲಾದರೂ ಬಾಯಿ ತೆರೆದರೆ ಕಾಣುತ್ತದೆ!

ಹಾಗಾದರೆ ಹಳೆಯದನ್ನು ಕೊಡುವುದೇ ದೋಷವೆ? ಹಾಗೆನ್ನಲಾಗದು. ಹೊಸತನ್ನೇ ಕೊಡಬೇಕೆಂದರೆ ಬಡವನು ದಾನವನ್ನೇ ಮಾಡಲಾರನು. ಗೀತೆಯ ಹದಿನೇಳನೆಯ ಅಧ್ಯಾಯವು ದಾನಕ್ಕೆ ದೇಶ, ಕಾಲ, ಪಾತ್ರಗಳನ್ನು ವಿಚಾರಿಸಲು ಹೇಳುತ್ತದೆ. ಪಾತ್ರವೆಂದರೆ ಪಡೆಯುವವನ ಯೋಗ್ಯತೆಯೆಂದಷ್ಟೇ ತಿಳಿದು ದಾನಿಗಳು ಬೀಗುವುದುಂಟು; ಆ ವಸ್ತುವು ಆ ಕೈಗೆ ಒಗ್ಗುವುದೋ ಎಂಬ ವಿಚಾರವೂ ಅದರಲ್ಲಿ ಅಡಗಿದೆ. ಕೆಟ್ಟ ಹೈಬ್ರಿಡ್ ಕಾರಿನಲ್ಲಿಯೂ ಬೆಲೆಯುಳ್ಳ ಪದಾರ್ಥಗಳಿವೆ. ಹಳೆಯ ಮಾದರಿಗಳ ಬ್ಯಾಟರಿಯಲ್ಲಿ ನಿಕ್ಕಲ್ ಉಂಟು. ಹೊಗೆಯನ್ನು ಶುದ್ಧಗೊಳಿಸುವ ಭಾಗದಲ್ಲಿ ಪ್ಲಾಟಿನಮ್, ಪಲ್ಲೇಡಿಯಮ್ ಮೊದಲಾದ ಲೋಹಗಳುಂಟು. ಬಿಚ್ಚಿ ಮಾರಬಲ್ಲ ಸಂಸ್ಥೆಗೆ ಅದು ನಿಜವಾದ ದಾನವೇ. ಅದೇ ಕಾರನ್ನು, ಬಸ್ಸಿಲ್ಲದ ಊರಿನಿಂದ ದಿನವೂ ಕೂಲಿಗೆ ಹೋಗಬೇಕಾದ ತಾಯಿಗೆ ಕೊಟ್ಟರೆ? ಎರಡು ತಿಂಗಳು ಓಡಿ ಅದು ನಿಂತ ದಿನ ಅವಳ ಕೂಲಿಯೂ ಹೋಗುತ್ತದೆ, ನಿಂತ ಗಾಡಿಯನ್ನು ಎಳೆಯಿಸುವ ಖರ್ಚೂ ತಲೆಯ ಮೇಲೆ ಬರುತ್ತದೆ. ಉಪಕಾರ ಪಡೆದವಳೆಂಬ ದಾಕ್ಷಿಣ್ಯದಿಂದ ಅವಳು ದೂರುವಂತೆಯೂ ಇಲ್ಲ.

ತೆರಿಗೆಯ ರಿಯಾಯಿತಿಯನ್ನು ಪಡೆದವನ ದಾನವು ಕೆಟ್ಟಿತೆನ್ನುವುದು ಅತಿಯಾದೀತು. ಬರೆದ ಅಂಕಿ ಸತ್ಯವಾಗಿದ್ದರೆ ಸಾಕು. ಹೆಚ್ಚಿನದು, ಕೈಬಿಡುವ ಮುನ್ನ ದಾನಿ ಮಾಡತಕ್ಕ ಕೆಲಸ. ಬ್ಯಾಟರಿಯನ್ನು ಪರೀಕ್ಷೆ ಮಾಡಿಸಿ ಅದರ ಸ್ಥಿತಿಯನ್ನು ಕಾಗದದಲ್ಲಿ ಬರೆಯಿಸಬಹುದು. ಎಚ್ಚರಿಕೆಯ ದೀಪ ಯಾವಾಗಿನಿಂದ ಉರಿಯುತ್ತಿದೆಯೆಂದು ತಿಳಿಸಬಹುದು. ಅನುಕೂಲವಿದ್ದವನು ಬ್ಯಾಟರಿಯನ್ನೇ ಬದಲಾಯಿಸಿ ಕೊಡಬಹುದು. ಅಷ್ಟು ಸಾಧ್ಯವಿಲ್ಲದಿದ್ದರೂ, ಕೀಲಿಕೈಯ ಜೊತೆಗೆ ಈವರೆಗಿನ ರಿಪೇರಿಯ ರಸೀದಿಗಳ ಕಟ್ಟನ್ನು, ಒಂದನ್ನೂ ಹಿಂದಿಟ್ಟುಕೊಳ್ಳದೆ, ಒಪ್ಪಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ.